ನಡುಗುವ ಮುಳ್ಳು, ನಡುಗದ ಮುಳ್ಳು

ಮೊನ್ನೆ ನನ್ನ ತಂಗಿಯ ಮಗಳು ಶರ್ಮಿಳಾ ಅವಳ ಹೊಸ ಕಾರಿನಲ್ಲಿ ನನ್ನನ್ನು ಬ್ರಹ್ಮಾವರಕ್ಕೆ ಕರೆದುಕೊಂಡು ಹೋದಳು. ಹಿಂದಿನ ವಾರ ನನಗೆ ಮಾಡಿಸಿದ ಟೆಸ್ಟಿನ ರಿಪೋರ್ಟ್ ನೋಡಿ ಡಾಕ್ಟರು ಮಾತಾಡುವ ದಿನ ಅದು. ದಾರಿಯುದ್ದಕ್ಕೂ ಅವಳು ಏನೇನೋ ಹೇಳಿ ನನ್ನನ್ನು ನಗಿಸಲು ನೋಡುತ್ತಿದ್ದಳು. ನಾನೋ, ಸ್ಟೇರಿಂಗಿನ ಹಿಂದೆ ಮಿಣಮಿಣ ಎನ್ನುವ ಫಲಕವನ್ನೇ ನೋಡುತ್ತ ಕೂತಿದ್ದೆ. ವೇಗ ತೋರಿಸುವುದಿದೆ, ಪೆಟ್ರೋಲ್ ತೋರಿಸುವುದಿದೆ, ಹೊರಗೆ ಎಷ್ಟು ಸೆಕೆ ಎಂದು ತೋರಿಸುವುದೂ ಇದೆ. ಎಂಜಿನ್ನಿನ ಬಿಸಿ ತೋರಿಸುವ ಮುಳ್ಳು ಮಾತ್ರ ಎಲ್ಲಿಯೂ ಇಲ್ಲ.

"ಶರ್ಮಿ, ಇದ್ರ ಟೆಂಪರೇಚರ್ ಮೀಟರ್ ಎಲ್ಲಿತ್ತ್?"

"ಇದ್ರಲ್ಲಿ ಅದೆಲ್ಲ ಇಲ್ಲೆ ದೊಡ್ಡಮ್ಮ. ಬಿಸಿ ಹೆಚ್ಚಾರೆ ಒಂದ್ ಕೆಂಪು ಲೈಟ್ ಬತ್ತ್. ಲೈಟ್ ಬರ್ಲಿಲ್ಲೆ ಅಂದ್ರೆ ಎಂತ ತೊಂದ್ರೆ ಇಲ್ಲೆ ಅಂದೇಳಿ ಲೆಕ್ಕ."

"ಲೈಟೇ ಹಾಳಾರೆ?"

"ನಿಮ್ಗ್ ಎಲ್ಲಿಂದ ಬತ್ತ್ ಇಂಥ ಯೋಚ್ನೆ ಎಲ್ಲ!" ಎಂದು ನಕ್ಕಳು. ಅಂಥ ದಿನ ನಾನು ಇನ್ಯಾವುದೋ ಯೋಚನೆಯಲ್ಲಿ ಇರಬೇಕಿತ್ತಲ್ಲ, ಮೀಟರ್ ಹುಡುಕುತ್ತಿದ್ದೇನಲ್ಲ ಎಂಬ ಸಮಾಧಾನವೂ ಆ ನಗೆಯಲ್ಲಿ ಇತ್ತು.

ನನ್ನ ವಯಸ್ಸಿನ ಹೆಂಗಸರು ಕಾರು ಹತ್ತಿದರೆ ಸೀಟು ಮೆತ್ತಗಿದೆಯೋ, ಏಸಿ ತಂಪಾಗಿದೆಯೋ ಎಂದು ನೋಡುತ್ತಾರೆ. ಮೀಟರ್ ಹುಡುಕುವ ಈ ಹುಚ್ಚು ನನಗೆ ತವರಿನಿಂದ ಬಂದದ್ದಲ್ಲ. ನಾನು ಓದಿದ ಕಾನ್ವೆಂಟಿನಲ್ಲಿ ಹುಡುಗಿಯರಿಗೆ ಫಿಸಿಕ್ಸ್ ಇರಲಿಲ್ಲ, ಅದರ ಬದಲು ಡೊಮೆಸ್ಟಿಕ್ ಸೈನ್ಸ್. ಟೇಬಲ್‌ಕ್ಲಾತಿಗೆ ಇಸ್ತ್ರಿ ಹಾಕುವುದು, ಕಸ್ಟರ್ಡ್ ಗಂಟಾಗದ ಹಾಗೆ ಕಲಸುವುದು. ಈ ಎರಡು ವಿದ್ಯೆಗಳೂ ಉಪ್ಪುಂದದ ನನ್ನ ಸಂಸಾರದಲ್ಲಿ ಒಂದು ದಿನವೂ ಉಪಯೋಗಕ್ಕೆ ಬರಲಿಲ್ಲ. ಇನ್ನೊಂದು ವಿದ್ಯೆ ಕಲಿಸಿದ್ದರು: ಮೆಲ್ಲಗೆ ಮಾತಾಡುವುದು. ನಮ್ಮ ಸಿಸ್ಟರ್ ಒಬ್ಬರು "ಲೇಡೀಸ್ ಡೋಂಟ್ ಶೌಟ್, ಗರ್ಲ್ಸ್" ಎಂದು ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದರು. ಆ ವಿದ್ಯೆ ಮಾತ್ರ ನನ್ನ ಗಂಟಲಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತು. ಅದರಿಂದಾದದ್ದನ್ನು ಆಮೇಲೆ ಹೇಳುತ್ತೇನೆ.

ನನ್ನನ್ನು ಮದುವೆಯಾದವರು ಶಬ್ದದ ನಡುವೆಯೇ ಬದುಕಿದವರು. ಡಿಪ್ಲೊಮಾ ಮುಗಿಸಿ, ಗಂಗೊಳ್ಳಿಯಲ್ಲಿ ಮೀನುಗಾರಿಕೆ ಬೋಟುಗಳ ಎಂಜಿನ್ ರಿಪೇರಿಗೆ ಒಂದು ಶೆಡ್ ಹಾಕಿಕೊಂಡಿದ್ದರು. ಬೋಟಿನವರೆಲ್ಲ ಇವರನ್ನು 'ಇಂಜಿನಿಯರ್ರ್' ಎಂದೇ ಕರೆಯುತ್ತಿದ್ದದ್ದು. ಹೆಸರು ಎಷ್ಟು ಜನರಿಗೆ ಗೊತ್ತಿತ್ತೋ ಇಲ್ಲವೋ. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ಕೇಳುತ್ತಿದ್ದರು. ಡಾಕ್ಟರು ಎದೆಗೆ ಕೊಳವೆ ಇಟ್ಟ ಹಾಗೆ. ಕಣ್ಣು ತೆರೆದರೆ ರೋಗದ ಹೆಸರು ಬಾಯಲ್ಲಿ ಇರುತ್ತಿತ್ತು. "ಎರಡ್ನೇ ಸಿಲಿಂಡರಿನ ಬೇರಿಂಗ್ ಹೋಯಿತ್ತ್. ಬಿಚ್ಚಿ ಕಾಣಿ." ಬಿಚ್ಚಿದರೆ ಹಾಗೆಯೇ ಇರುತ್ತಿತ್ತು.

ನಮಗೊಂದು ಕೆನೆ ಬಣ್ಣದ ಹಳೆಯ ಡೀಸೆಲ್ ಕಾರು ಇತ್ತು. ಬೆಳಿಗ್ಗೆ ನನ್ನನ್ನು ದಾರಿಯಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದ ಶಾಲೆಗೆ ಬಿಟ್ಟು ಇವರು ಗಂಗೊಳ್ಳಿಗೆ ಹೋಗುವುದು, ಸಂಜೆ ಕರೆದುಕೊಂಡು ಬರುವುದು. ಮನೆಯಲ್ಲಿ ಅತ್ತೆ, ಬಂದುಹೋಗುವ ನೆಂಟರು, ಬೋಟಿನವರು. ಗಂಡ ಹೆಂಡತಿ ಮಾತಾಡುವುದಕ್ಕೆ ನಮಗೆ ಸಿಕ್ಕಿದ ಜಾಗ ಆ ಕಾರು ಒಂದೇ. ಮರವಂತೆಯಲ್ಲಿ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೊಳೆ ಬರುವಲ್ಲಿ ಪ್ರವಾಸಿಗಳು ಕಾರು ನಿಲ್ಲಿಸಿ ಫೋಟೋ ತೆಗೆಯುತ್ತಾರಲ್ಲ, ನಾವು ಆ ಎರಡನ್ನೂ ನೋಡದೆ ಅಲ್ಲಿ ಎಷ್ಟು ಜಗಳ ಆಡಿದ್ದೇವೆ, ಎಷ್ಟು ನಕ್ಕಿದ್ದೇವೆ! ನಾನು ಏನಾದರೂ ಹೇಳುತ್ತಿರುವಾಗ ಇವರು ಒಮ್ಮೊಮ್ಮೆ ಕೈ ಎತ್ತಿ, "ಒಂದ್ ನಿಮಿಷ ಟೀಚರಮ್ಮ, ಎಂಜಿನ್ ಎಂತದೋ ಹೇಳ್ತಾ ಇತ್ತ್," ಎನ್ನುತ್ತಿದ್ದರು. ಕೇಳಿ ಮುಗಿಸಿ, "ಹ್ಞಾಂ, ಈಗ ನೀನ್ ಹೇಳ್." ಆ ಕಾರಿನ ಫಲಕದ ಮೀಟರುಗಳೆಲ್ಲ ಯಾವತ್ತೋ ಸತ್ತಿದ್ದವು. ರಿಪೇರಿ ಮಾಡಿಸಬೇಕು ಎಂದು ಇಬ್ಬರಿಗೂ ಅನಿಸಿರಲಿಲ್ಲ.

ತೊಂಬತ್ತೇಳು ತೊಂಬತ್ತೆಂಟರ ಸುಮಾರಿಗೆ ಇವರ ಕಿವಿ ಸೋಲತೊಡಗಿತು. ಎಷ್ಟೋ ವರ್ಷ ಡೀಸೆಲ್ ಎಂಜಿನ್ನುಗಳ ಮಗ್ಗುಲಲ್ಲಿ ನಿಂತ ಕಿವಿ, ಸೋಲದೆ ಏನು ಮಾಡೀತು. ಮೊದಲು ಹೋದದ್ದು ನನ್ನ ಸ್ವರ. ಗಂಡಸರ ದಪ್ಪ ಸ್ವರ ಕೇಳುತ್ತಿತ್ತು, ಬಾಗಿಲು ಬಡಿದದ್ದು ಕೇಳುತ್ತಿತ್ತು. ಕಾನ್ವೆಂಟಿನಲ್ಲಿ ತಿದ್ದಿ ತೀಡಿದ ನನ್ನ ಸಣ್ಣ ಸ್ವರ ಮಾತ್ರ ಕೇಳುತ್ತಿರಲಿಲ್ಲ. "ಎಂತ?" ಎನ್ನುತ್ತಿದ್ದರು. ಹೇಳಿದ್ದನ್ನೇ ಮತ್ತೆ ಹೇಳಿದರೆ ಮತ್ತೊಮ್ಮೆ, "ಎಂತ?" ಮೂರನೆಯ ಸಲಕ್ಕೆ ನನ್ನ ಸಿಟ್ಟು ಕೇಳುತ್ತಿತ್ತೇ ಹೊರತು ಮಾತು ಕೇಳುತ್ತಿರಲಿಲ್ಲ. ಕಿವಿಗೆ ಮಿಷನ್ ಹಾಕಿಸಿದೆವು. ಅದು ಕಾಗೆಯನ್ನೂ ಮಿಕ್ಸಿಯನ್ನೂ ತಲೆಯ ಒಳಗೇ ತಂದು ಕೂರಿಸುತ್ತದೆ ಎಂದು ತೆಗೆದು ಬಿಸ್ಕತ್ತಿನ ಡಬ್ಬಿಗೆ ಹಾಕಿಟ್ಟರು. ತುಟಿ ನೋಡಿ ಮಾತು ತಿಳಿಯುವುದನ್ನು ತಾವೇ ಕಲಿತರು.

ಒಂದು ದಿನ ಬೋಟಿನವನೊಬ್ಬ ಎಂಜಿನ್ನಿನಲ್ಲಿ ಏನೋ ಬಡಿಯುತ್ತದೆ ಎಂದು ಬಂದ. ಇವರು ಸ್ಕ್ರೂಡ್ರೈವರ್ ಒತ್ತಿ ಕೇಳಿ, "ಎಂತದೂ ಇಲ್ಲೆ, ಹೋಯ್ನಿ," ಎಂದು ಕಳಿಸಿದರು. ಆ ಬೋಟು ಸಮುದ್ರದ ನಡುವೆ ನಿಂತಿತು, ಇನ್ನೊಂದು ಬೋಟು ಹಗ್ಗ ಕಟ್ಟಿ ಎಳೆದು ತಂದಿತು. ಆ ಮನುಷ್ಯ ಶೆಡ್ಡಿಗೆ ಬಂದು ಬೈಯಲಿಲ್ಲ. ಹಳೆಯ ಗೌರವ ನೋಡಿ, ಮೆತ್ತಗೆ ಏನೋ ಹೇಳಿ ಹೋದನಂತೆ. ಆ ಮೆತ್ತನೆಯ ಮಾತೂ ಇವರಿಗೆ ಕೇಳಿರಲಿಲ್ಲ. ಮುಂದಿನ ವರ್ಷ ಶೆಡ್ಡನ್ನು ಬೇರೆಯವರಿಗೆ ನಡೆಸಲು ಕೊಟ್ಟರು.

ಉಳಿದದ್ದು ನಮ್ಮ ಕಾರು ಒಂದೇ. ಅದನ್ನು ಇವರು ಬಿಡಲು ತಯಾರಿರಲಿಲ್ಲ. ಎಂಜಿನ್ ಏನು ಹೇಳುತ್ತದೆ ಎಂಬುದನ್ನು ಇನ್ನೊಬ್ಬರನ್ನು ಕೇಳದೆ ತಿಳಿಯಬೇಕು, ಇಷ್ಟೇ ಇವರಿಗೆ ಬೇಕಾಗಿದ್ದದ್ದು. ನಾನು ಒಮ್ಮೆ, "ನಾನು ಪಕ್ಕದಲ್ಲೇ ಇರ್ತೆ ಅಲ್ದಾ, ಶಬ್ದ ಬಂದ್ರೆ ನಾ ಹೇಳ್ತೆ," ಎಂದೆ. ತುಟಿಯನ್ನು ಪೂರ್ತಿ ಓದಿ ಮುಗಿಸಿ, "ನಿನ್ನತ್ರ ಕೇಂಡ್ ಕಾರ್ ಬಿಡುಕೆ ನಾನ್ ಎಂತ ಕುರುಡನಾ?" ಎಂದು ನಕ್ಕರು. ನಗೆ ಕಣ್ಣಿನವರೆಗೆ ಬರಲಿಲ್ಲ. ಆಗಲೇ ಮೀಟರಿನ ಮಾತು ಹುಟ್ಟಿದ್ದು. ಕಿವಿ ಮಾಡುತ್ತಿದ್ದ ಕೆಲಸವನ್ನು ಕಣ್ಣಿಗೆ ಕೊಡುವುದು.

ನೀವು ಅಂದುಕೊಂಡ ಹಾಗೆ ಅದು ಅಂಗಡಿಗೆ ಹೋಗಿ ಎರಡು ಮೀಟರ್ ತರುವಷ್ಟು ಸುಲಭ ಅಲ್ಲ. ಅದರಲ್ಲಿ ಎರಡು ಜಾತಿ ಇದೆ ಎಂದು ನನಗೆ ಗೊತ್ತಾದದ್ದು ನಮ್ಮ ಜಗಲಿಯಲ್ಲಿ ನಡೆದ ವಾದದಿಂದ. ಒಂದು ಕಡೆ ಇವರು, ಇನ್ನೊಂದು ಕಡೆ ಕುಂದಾಪುರದ ಕಾರ್ ಎಲೆಕ್ಟ್ರಿಷಿಯನ್ ಬಾಬು. ಬಾಬು ಬೊಂಬಾಯಿಯ ಗ್ಯಾರೇಜಿನಲ್ಲಿ ಕೆಲಸ ಕಲಿತು ಬಂದವನು. ಊರಿಗೆ ಬಂದು ಎಷ್ಟೋ ವರ್ಷವಾಗಿದ್ದರೂ ಅವನ ಬಾಯಿ ಇನ್ನೂ ಅಲ್ಲಿಂದ ಇಳಿದಿರಲಿಲ್ಲ.

"ಕಾಣಿ ಇಂಜಿನಿಯರ್ರೆ," ಎಂದು ಅವನು ಇವರ ಮುಖದ ಎದುರೇ ನಿಂತು ಕೂಗಿದ, "ಈಗ ಎಲ್ಲ ಎಲೆಕ್ಟ್ರಿಕ್. ಎಂಜಿನ್ನಿಗೆ ಒಂದ್ ಸಣ್ಣ ಸೆನ್ಸರ್ ಕೂರ್ಸುದ್, ಒಂದ್ ವಯರ್ ಎಳುದ್, ಕಾಮ್ ಖತಂ. ನಿಮ್ಮ ಆ ಮೆಕ್ಯಾನಿಕಲ್ ಮೀಟರ್ ಅಂದ್ರೆ ಎಂತ? ತಾಮ್ರದ ನಳಿಗೆಯಲ್ಲಿ ಎಂಜಿನ್ನಿನ ಕಾದ ಎಣ್ಣೆಯನ್ನೇ ತಂದ್ ಅಕ್ಕನ ಕಾಲಬುಡದಲ್ಲಿ ಇಟ್ಕಂಬುದ್. ಬಿಲ್ಕುಲ್ ಬೇಡ."

ಇವರು ತಲೆ ಅಲ್ಲಾಡಿಸಿದರು. "ನಿನ್ನ ವಯರ್ ಎಂತ ಮಾಡ್ತ್? ಎಂಜಿನ್ ಹೀಂಗಿತ್ತ್ ಅಂಬ್ರ್ ಅಂದೇಳಿ ಸುದ್ದಿ ತತ್ತ್. ನಂಗೆ ಸುದ್ದಿ ಬೇಡ ಬಾಬು. ಎಂಜಿನ್ನೇ ಬಂದ್ ಹೇಳ್ಕ್."

"ಎಂಜಿನ್ ಬಂದ್ ಹೇಳುದಾ! ಅಕ್ಕ, ಕೇಂಡ್ರ್ಯಾ? ಕಾಫಿಯೂ ಮಾಡಿ ಇಡಿ, ಎಂಜಿನ್ ಬತ್ತಂಬ್ರ್."

ನಾನು ನಕ್ಕೆ. ಇವರೂ ನಕ್ಕರು, ಪೂರ್ತಿ ಕೇಳದಿದ್ದರೂ. ಆದರೆ ಪಟ್ಟು ಬಿಡಲಿಲ್ಲ. ಇದು ಸಮುದ್ರದ ಊರು, ಗಾಳಿಯಲ್ಲೇ ಉಪ್ಪು ಇದೆ, ವಯರಿನ ಸಂದು ಸಂದಿಗೂ ತುಕ್ಕು ಹಿಡಿಯುತ್ತದೆ, ತುಕ್ಕು ಹಿಡಿದ ವಯರ್ ಸುಳ್ಳು ಹೇಳುತ್ತದೆ ಎಂಬುದು ಇವರ ವಾದ. ತಾಮ್ರದ ನಳಿಗೆಯಲ್ಲಿ ಎಣ್ಣೆ ಬಂದು ಮುಳ್ಳನ್ನು ದೂಡಬೇಕಾದರೆ ಎಂಜಿನ್ನಿನಲ್ಲಿ ಒತ್ತಡ ಇರಲೇಬೇಕು. ಅಲ್ಲಿ ಸುಳ್ಳಿಗೆ ಜಾಗ ಇಲ್ಲ. ನನಗೆ ಎರಡೂ ಸರಿ ಎನಿಸಿತು. ಡಿಬೇಟಿನಲ್ಲಿ ಜಡ್ಜ್ ಆಗಿ ಕೂತು ಅಭ್ಯಾಸ ಇದ್ದವಳು ನಾನು, ಆದರೆ ಇಲ್ಲಿ ನನ್ನನ್ನು ಯಾರೂ ತೀರ್ಪು ಕೇಳಲಿಲ್ಲ.

ಕೊನೆಗೆ ಮೆಕ್ಯಾನಿಕಲ್ಲೇ ಬಂತು. ಎಣ್ಣೆಗೆ ಒಂದು, ಬಿಸಿಗೆ ಒಂದು, ಎರಡು ದುಂಡನೆಯ ಮೀಟರು. ಬಾಬು ಗೊಣಗುತ್ತಲೇ ಜೋಡಿಸಿ ಎಂಜಿನ್ ಶುರು ಮಾಡಿದ. ಎಣ್ಣೆಯ ಮುಳ್ಳು ಮೇಲೆದ್ದಿತು. ಎದ್ದು ನಿಲ್ಲಲಿಲ್ಲ, ನಿಂತಲ್ಲೇ ಸಣ್ಣಗೆ ನಡುಗತೊಡಗಿತು. ಎಂಜಿನ್ನಿನ ಒಂದೊಂದು ಬಡಿತಕ್ಕೂ ಒಂದೊಂದು ನಡುಕ. ಇವರು ನನ್ನ ಕೈ ಹಿಡಿದು ನನ್ನ ಬೆರಳನ್ನು ಆ ಗಾಜಿನ ಮೇಲೆ ಇಟ್ಟರು. ಮದುವೆಯಾದ ಹೊಸತರಲ್ಲಿ ಕೂಡ ಹೀಗೆ ಜನರ ಎದುರು ನನ್ನ ಕೈ ಹಿಡಿದವರಲ್ಲ.

"ಕಾಣ್ ಮಾರಾಯ್ತಿ. ನಡುಗ್ತ್. ಜೀವ ಇತ್ತ್ ಇದಕ್ಕೆ."

ಅವರ ಮುಖ ನೋಡಿ ನನಗೂ ಸಂತೋಷವಾಯಿತು. ಆ ಸಂತೋಷಕ್ಕೆ ಏನು ಬೆಲೆ ಕೊಡಬೇಕಾಗುತ್ತದೆ ಎಂಬುದು ಕಾರು ಓಡತೊಡಗಿದ ಮೇಲೆ ತಿಳಿಯಿತು. ನೋಡಿ, ತುಟಿ ಓದುವವರ ಜೊತೆ ಮಾತಾಡಬೇಕಾದರೆ ಅವರು ನಿಮ್ಮ ಕಡೆ ತಿರುಗಬೇಕು. ಕಾರು ಬಿಡುವವರು ರಸ್ತೆ ನೋಡಬೇಕು. ಮೊದಲೆಲ್ಲ ನೆಟ್ಟಗಿನ ರಸ್ತೆ ಬಂದಾಗ ನನ್ನ ಕಡೆ ಒಮ್ಮೆ ತಿರುಗಿ, ಅರ್ಧ ಮಾತನ್ನಾದರೂ ಹಿಡಿಯುತ್ತಿದ್ದರು. ಈಗ ರಸ್ತೆಯಿಂದ ಬಿಡುವಾದ ಕಣ್ಣು ಮುಳ್ಳಿಗೆ ಹೋಗುತ್ತಿತ್ತು. ಮರವಂತೆ ಬಂದು ಹೋಗುತ್ತಿತ್ತು, ತ್ರಾಸಿ ಬಂದು ಹೋಗುತ್ತಿತ್ತು, ನಾನು ಹೇಳಬೇಕೆಂದಿದ್ದದ್ದು ನನ್ನ ಬಾಯಲ್ಲೇ ಉಳಿಯುತ್ತಿತ್ತು. ಒಂದು ಮೀಟರಿನ ಮೇಲೆ ಹೊಟ್ಟೆಕಿಚ್ಚು ಪಟ್ಟ ಹೆಂಗಸು ಈ ಕರಾವಳಿಯಲ್ಲಿ ನಾನೊಬ್ಬಳೇ ಇರಬೇಕು. ನಗಿ, ಬೇಜಾರಿಲ್ಲ. ನಾನೂ ನಗುತ್ತಿದ್ದೆ, ಆಗ.

ಒಂದು ಸಂಜೆ ಮರವಂತೆಯ ಹತ್ತಿರ ಬರುವಾಗ ಬಾಬು ಹೇಳಿದ್ದು ನಿಜವಾಯಿತು. ಎಂಜಿನ್ನಿನ ಕಡೆಯಿಂದ ಒಳಗೆ ಬರುವ ತೂತಿನ ಅಂಚಿಗೆ ಉಜ್ಜಿ ಉಜ್ಜಿ ನಳಿಗೆ ಸವೆದಿತ್ತಂತೆ. ಚಿರ್ರೆಂದು ಕಾದ ಎಣ್ಣೆ ನನ್ನ ಎಡಗಾಲಿನ ಮೇಲೆ ಬಿತ್ತು. ನಾನು ಕೂಗಿದೆ. ಜೀವಮಾನದಲ್ಲಿ ಅಷ್ಟು ದೊಡ್ಡದಾಗಿ ಕೂಗಿದ್ದಿಲ್ಲ, ಸಿಸ್ಟರ್ ಇದ್ದಿದ್ದರೆ ನನ್ನನ್ನು ಕ್ಲಾಸಿನಿಂದ ಹೊರಗೆ ನಿಲ್ಲಿಸುತ್ತಿದ್ದರು. ಕಾರು ಹೋಗುತ್ತಲೇ ಇತ್ತು. ಸ್ವಲ್ಪ ಹೊತ್ತಿಗೆ ಗಕ್ಕನೆ ನಿಂತಿತು. ಇವರು ಫಲಕ ನೋಡುತ್ತ, "ಎಣ್ಣೆ ಮುಳ್ಳ್ ಕೆಳ್ಗೆ ಬಿತ್ತಲೇ!" ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

ಹೊಳೆಗೆ ಇಳಿದು ಟವೆಲ್ ಒದ್ದೆ ಮಾಡಿಕೊಂಡು ಓಡಿ ಬಂದು, ರಸ್ತೆಯ ಬದಿಯಲ್ಲಿ ಮೊಣಕಾಲೂರಿ ಕೂತು ನನ್ನ ಪಾದಕ್ಕೆ ಸುತ್ತಿದರು. ಹಾಗೆ ಸುತ್ತುತ್ತಲೇ ತಲೆ ಎತ್ತಿ ಕೇಳಿದರು, "ನೀ ಕೂಗ್ಲಿಲ್ಯಾ?"

"ಕೂಗ್ದೆ."

ತುಟಿ ಓದಿದರು. ಟವೆಲನ್ನು ಬಿಚ್ಚಿ, ಇನ್ನೊಮ್ಮೆ ಒದ್ದೆ ಮಾಡಿ, ಮತ್ತೆ ಸುತ್ತಿದರು. ನನ್ನ ಕಾಲಿನಲ್ಲಿ ಬೊಕ್ಕೆ ಎದ್ದಿತ್ತು, ಮಾಸಿತು. ಇವರ ಮುಖದಲ್ಲಿ ಆ ಸಂಜೆ ಬಿದ್ದದ್ದು ಮಾತ್ರ ಮಾಸಲಿಲ್ಲ. ಮಾರನೆಯ ದಿನವೇ ತಾವೇ ಹೋಗಿ ಬಾಬುವನ್ನು ಕರೆತಂದು, "ನಿನ್ನ ಎಲೆಕ್ಟ್ರಿಕ್ ಹಾಕ್. ಇವ್ಳ ಕಾಲಬುಡಕ್ಕೆ ಎಣ್ಣೆ ಬಪ್ಪುಕಾಗ," ಎಂದರು. ಬಾಬುವಿಗೆ ಗೆದ್ದ ಖುಷಿ. ನನಗೆ ಅಳು ಬಂತು. ಆ ನಡುಗುವ ಮುಳ್ಳನ್ನು ಇವರು ನನಗೋಸ್ಕರ ಬಿಟ್ಟುಕೊಟ್ಟಿದ್ದರು.

ಹೊಸ ಮೀಟರುಗಳು ನೋಡಲು ಚೆಂದ ಇದ್ದವು, ರಾತ್ರಿ ಹಸಿರು ಬೆಳಕು ಬೇರೆ. ಮುಳ್ಳು ಎದ್ದರೆ ಎದ್ದಲ್ಲಿ ನಿಲ್ಲುತ್ತಿತ್ತು, ಕಲ್ಲಿನ ಹಾಗೆ. ಮೊದಮೊದಲು ಇವರು ಗಾಜಿನ ಮೇಲೆ ಬೆರಳಿಟ್ಟು, "ಇದ್ ಬದ್ಕಿತ್ತಾ ಸತ್ತಿತ್ತಾ ಗೊತ್ತಾಪುದಿಲ್ಲೆ," ಎನ್ನುತ್ತಿದ್ದರು. ಆಮೇಲೆ ಅಭ್ಯಾಸವಾಯಿತು. ಮನುಷ್ಯನಿಗೆ ಯಾವುದೂ ಅಭ್ಯಾಸವಾಗುತ್ತದೆ. ನಡುಗದ ಮುಳ್ಳನ್ನು ನೋಡುವುದು ಸುಲಭ ಕೂಡ, ಕಣ್ಣಿಗೆ ಆಯಾಸ ಇಲ್ಲ.

ಈಗ ಮೀನೆಣ್ಣೆಯ ವಿಷಯ ಹೇಳಬೇಕು. ನಮ್ಮ ಕಡೆ ಮಳೆಗಾಲಕ್ಕೆ ಮೊದಲು ದೋಣಿಗಳನ್ನು ದಡಕ್ಕೆ ಎಳೆದು, ಮೀನೆಣ್ಣೆಗೆ ರಾಳ ಕರಗಿಸಿ ಬಳಿಯುತ್ತಾರೆ. ಒಣಗಿದರೆ ವಾರ್ನಿಶ್‌ನಂತೆ ಗಟ್ಟಿ, ನೀರೂ ಒಳಗೆ ಹೋಗುವುದಿಲ್ಲ, ಉಪ್ಪೂ ಹೋಗುವುದಿಲ್ಲ. ವಾಸನೆಯನ್ನು ಮಾತ್ರ ಕೇಳಬೇಡಿ. ದೋಣಿಗೆ ಬಳಿದು ಉಳಿದದ್ದನ್ನು ಸೈಕಲ್ಲಿಗೆ, ಕಬ್ಬಿಣದ ಗೇಟಿಗೆ, ಕಾರಿನ ಹೊಟ್ಟೆಗೆ ಬಳಿಯುವುದೂ ರೂಢಿ. ಇವರು ಪ್ರತಿ ವರ್ಷ ಹಳೆಯ ಬನಿಯನ್ ಹಾಕಿಕೊಂಡು ಕಾರಿನ ಅಡಿಯಲ್ಲಿ ಮಲಗಿ ಬಳಿಯುತ್ತಿದ್ದರು. ಆ ವರ್ಷ ಇನ್ನೂ ಜಾಸ್ತಿ ಮುತುವರ್ಜಿ. ಎಲೆಕ್ಟ್ರಿಕ್ ಮೀಟರಿಗೆ ಉಪ್ಪೇ ಶತ್ರು ಎಂದು ತಾವೇ ವಾದ ಮಾಡಿದ್ದರಲ್ಲ. ಬಾನೆಟ್ ತೆಗೆದು, ವಯರಿನ ಒಂದೊಂದು ತುದಿಯನ್ನೂ ಬಿಚ್ಚಿ, ಒರೆಸಿ, ಮೀನೆಣ್ಣೆಯಲ್ಲಿ ಅದ್ದಿ, ಒಣಗಿಸಿ, ಮತ್ತೆ ಬಿಗಿದರು. ಮಗುವಿಗೆ ಎಣ್ಣೆ ಹಚ್ಚಿದ ಹಾಗೆ. ನಾನು ಮೂಗಿಗೆ ಸೆರಗು ಹಿಡಿದುಕೊಂಡು ಚಹಾ ತಂದುಕೊಟ್ಟೆ.

"ಇನ್ನ್ ಇದಕ್ಕೆ ಸಾವಿಲ್ಲೆ," ಎಂದರು.

ಮಳೆ ಸ್ವಲ್ಪ ಇಳಿದಿದ್ದ ಒಂದು ದಿನ ಸಾಲಿಗ್ರಾಮದಲ್ಲಿರುವ ನನ್ನ ತಂಗಿಯ ಮನೆಗೆ ಹೊರಟೆವು. ಕುಂದಾಪುರ ದಾಟಿತು, ಕೋಟೇಶ್ವರ ದಾಟಿತು. ತೆಕ್ಕಟ್ಟೆ ದಾಟುವಾಗ ನನ್ನ ಕಾಲಿನ ಕಡೆ ಬಿಸಿ ಎನಿಸಿತು. ರಬ್ಬರ್ ಸುಟ್ಟ ವಾಸನೆ. ಆಮೇಲೆ ಶಬ್ದ ಶುರುವಾಯಿತು. ಮೊದಲು ಅನ್ನ ಕುದಿದ ಹಾಗೆ ಗುಳುಗುಳು, ಆಮೇಲೆ ಯಾರೋ ಒಳಗಿನಿಂದ ಸುತ್ತಿಗೆಯಲ್ಲಿ ಹೊಡೆದ ಹಾಗೆ ಟಕ್, ಟಕ್, ಟಕ್. ಇಷ್ಟು ವರ್ಷ ಇವರ ಪಕ್ಕ ಕೂತು ಅಷ್ಟಾದರೂ ಕಲಿತಿದ್ದೆ ನಾನು. ಅದು ಎಂಜಿನ್ನಿನ ಪ್ರಾಣ ಹೋಗುವ ಶಬ್ದ.

"ಹ್ವಾಯ್, ನಿಲ್ಸಿ! ಎಂಜಿನ್ ಬಡೀತ್!"

ಇವರು ರಸ್ತೆ ನೋಡುತ್ತಿದ್ದರು. ಭುಜ ಹಿಡಿದು ಅಲ್ಲಾಡಿಸಿದೆ. ತಿರುಗಿದರು. ನಾನು ಬಾನೆಟ್ ತೋರಿಸಿದೆ, ಕಿವಿ ತೋರಿಸಿದೆ. ಇವರು ನಸುನಕ್ಕು ಮೀಟರ್ ತೋರಿಸಿದರು.

"ಕಾಣ್, ಬಿಸಿ ಇಲ್ಲೆ. ಎಣ್ಣೆಯೂ ಸಮ ಇತ್ತ್. ಅದ್ ಹಿಂದಿನ ಲಾರಿ ಶಬ್ದ, ಹೆದ್ರಬೇಡ."

"ಲಾರಿ ಅಲ್ಲ! ನಮ್ದೇ! ಸ್ಟಾಪ್ ದ ಕಾರ್! ಫಾರ್ ಗಾಡ್ಸ್ ಸೇಕ್, ಸ್ಟಾಪ್!" ಗಾಬರಿಯಲ್ಲಿ ನನ್ನ ಬಾಯಿಗೆ ಇಂಗ್ಲಿಷೇ ಬಂತು. ಇವರಿಗೆ ಕನ್ನಡ ಮಾತಾಡುವ ನನ್ನ ತುಟಿ ಮಾತ್ರ ಓದಲು ಬರುತ್ತಿತ್ತು. ಏನೋ ಕೋಪದಲ್ಲಿದ್ದೇನೆ ಎಂದಷ್ಟೇ ಕಂಡಿರಬೇಕು. ಮತ್ತೊಮ್ಮೆ ಮೀಟರ್ ನೋಡಿದರು. ಎರಡೂ ಮುಳ್ಳು ಶಾಂತವಾಗಿ, ಇರಬೇಕಾದಲ್ಲಿಯೇ ಇದ್ದವು. ನಾನು ಕಿರುಚುತ್ತಿದ್ದೆ. ಇವರು ಮುಳ್ಳನ್ನು ನಂಬಿದರು.

ಕೋಟ ಬರುವುದಕ್ಕೆ ಮೊದಲೇ ಎಂಜಿನ್ ಒಂದು ದೊಡ್ಡ ಶಬ್ದ ಮಾಡಿ ಹಿಡಿದುಕೊಂಡಿತು. ಕಾರು ರಸ್ತೆಯ ನಡುವೆಯೇ ಗಕ್ಕನೆ ನಿಂತಿತು. ಹಿಂದಿನಿಂದ ಬರುತ್ತಿದ್ದ ಬಸ್ಸು ಬ್ರೇಕ್ ಹಾಕಿ, ಕೂದಲೆಳೆಯಷ್ಟು ಅಂತರದಲ್ಲಿ ಪಕ್ಕಕ್ಕೆ ತಿರುಗಿ ನಿಂತಿತು. ಕಂಡಕ್ಟರ್ ಬಾಗಿಲಲ್ಲಿ ಜೋತಾಡುತ್ತ ಕೂಗಿದ, "ಹ್ವಾಯ್ ಅಜ್ಜಯ್ಯ, ಎಂಜಿನ್ ಬೊಬ್ಬೆ ಹಾಕುದ್ ಊರಿಗೆಲ್ಲ ಕೇಂತ್, ನಿಮ್ಗ್ ಕೆಮಿ ಇಲ್ಲ್ಯಾ? ಹೆಂಡ್ತಿನ ಕೊಲ್ಲುಕೆ ಹೊರ್ಟದ್ದಾ?" ಬಸ್ಸಿನಲ್ಲಿದ್ದವರು ನಕ್ಕರು.

ಇವರು ಅವನ ಬಾಯನ್ನೂ, ನಗುವ ಮುಖಗಳನ್ನೂ ನೋಡಿ ನನ್ನ ಕಡೆ ತಿರುಗಿದರು. "ಎಂತ ಅಂದ್ ಅವ?"

"ಸಹಾಯ ಬೇಕಾ ಕೇಂಡ," ಎಂದೆ.

ಇವರು ಕಂಡಕ್ಟರನಿಗೆ ಕೈಮುಗಿದು, "ಬೇಡ ಬೇಡ, ನಾನೇ ಕಾಂತೆ," ಎಂದರು. ಆಮೇಲೆ ಬಾನೆಟ್ ಎತ್ತಿದರು. ಹಬೆ ಮುಖಕ್ಕೆ ಹೊಡೆಯಿತು. ಆ ಹಬೆಯ ನಡುವೆ ಕೈ ಹಾಕಿ ಎಂಜಿನ್ನನ್ನು ಮುಟ್ಟಿದರು. ಅಂಗೈ ಸುಟ್ಟಿತು. ಆದರೂ ಬೇಗ ಕೈ ತೆಗೆಯಲಿಲ್ಲ.

ಮಾರನೆಯ ದಿನ ಬಾಬು ಬಂದ. ಕಾರನ್ನು ತಂಗಿಯ ಮನೆಯ ಅಂಗಳಕ್ಕೆ ಎಳೆದು ತಂದಿದ್ದೆವು. ರೇಡಿಯೇಟರಿನ ಪೈಪು ಒಡೆದು ನೀರೆಲ್ಲ ಹೋಗಿತ್ತು. ಅದು ಯಾವ ಕಾರಿಗೂ ಆಗುವಂಥದ್ದು. ಆದರೆ ಮುಳ್ಳು ಯಾಕೆ ಹೇಳಲಿಲ್ಲ? ಬಾಬು ಕೀ ತಿರುಗಿಸಿದ. ಎಂಜಿನ್ ಹೆಣವಾಗಿ ಬಿದ್ದಿದೆ, ಎಣ್ಣೆಯ ಮುಳ್ಳು ಮಾತ್ರ ಮೇಲೆದ್ದು, ಎಲ್ಲ ಕ್ಷೇಮ ಎಂದು ನಿಂತಿತು. ನಾವು ಮೂವರೂ ಅದನ್ನೇ ನೋಡುತ್ತ ನಿಂತೆವು. ಬಾಬು ಬಾನೆಟ್ಟಿನ ಅಡಿಗೆ ಬಗ್ಗಿ, ಎಂಜಿನ್ನಿಗೂ ಕಾರಿನ ಮೈಗೂ ಜೋಡಿಸಿದ್ದ ಅರ್ತಿನ ವಯರ್ ಬಿಚ್ಚಿ ಮೂಸಿದ.

"ಇದಕ್ಕೆ ಎಂತ ಹಚ್ಚಿದ್ರಿ?"

"ಮೀನೆಣ್ಣೆ," ಎಂದೆ ನಾನು.

"ಅಯ್ಯೋ ದೇವ್ರೆ! ದೋಣಿಗೆ ಹಚ್ಚುದನ್ನ ಅರ್ತಿಗೆ ಹಚ್ಚುದಾ? ಇಲ್ಲಿ ಕಬ್ಬಿಣಕ್ಕೆ ಕಬ್ಬಿಣ ಮುಟ್ಕ್ ಅಕ್ಕ, ಇಲ್ದಿರೆ ಮೀಟರ್ ಬಾಯಿಗೆ ಬಂದದ್ದ್ ಹೇಳ್ತ್. ಬಿಸಿ ಕಮ್ಮಿ ತೋರ್ಸತ್, ಎಣ್ಣೆ ಹೆಚ್ಚ್ ತೋರ್ಸತ್." ಚಾಕುವಿನಿಂದ ಆ ಗಟ್ಟಿ ಪೊರೆಯನ್ನು ಕೆರೆದು ಮತ್ತೆ ಬಿಗಿದ. ಎಣ್ಣೆಯ ಮುಳ್ಳು ಸೊನ್ನೆಗೆ ಬಿತ್ತು.

ಇವರು ಅದು ಬಿದ್ದದ್ದನ್ನು ನೋಡಿದರು. "ಉಪ್ಪು ಒಳ್ಗೆ ಹೋಪುಕಾಗ ಅಂದೇಳಿ ಹಚ್ಚದ್ದ್," ಎಂದರು, ಯಾರಿಗೆಂದಿಲ್ಲ. ಬಾಬು ಮೊದಲ ಸಲ ಕೂಗದೆ ಮಾತಾಡಿದ: "ನಾನೂ ಮೊದ್ಲೇ ಒಂದ್ ಮಾತ್ ಹೇಳ್ಕಿತ್ತ್ ಇಂಜಿನಿಯರ್ರೆ." ಅದು ಇವರಿಗೆ ಕೇಳಲಿಲ್ಲ, ನಾನು ಹೇಳಲೂ ಇಲ್ಲ. ಕಾರಿನ ಕೀಯನ್ನು ಅಲ್ಲೇ ಸೀಟಿನ ಮೇಲೆ ಇಟ್ಟು ಇವರು ಅಂಗಳದಿಂದ ಒಳಗೆ ನಡೆದರು. ಆಮೇಲೆ ಸ್ಟೇರಿಂಗ್ ಮುಟ್ಟಲಿಲ್ಲ. ಕಾರು ಗುಜರಿಗೆ ಹೋಗುವ ದಿನ ಹೊರಗೆ ಬಂದು ನೋಡಲೂ ಇಲ್ಲ.

ಅದಕ್ಕಿಂತ ದೊಡ್ಡದು ಇನ್ನೊಂದು ನಿಂತುಹೋಯಿತು. ಇವರು "ಎಂತ?" ಎಂದು ಕೇಳುವುದನ್ನು ಬಿಟ್ಟರು. ಕಿವಿ ಕೇಳದವರು "ಎಂತ, ಎಂತ" ಎಂದು ಪೀಡಿಸುತ್ತಾರೆ ಎಂದು ಜನ ದೂರುತ್ತಾರಲ್ಲ, ಅವರಿಗೆ ಗೊತ್ತಿಲ್ಲ. ಆ ಪ್ರಶ್ನೆ ಇರುವವರೆಗೆ ಮನುಷ್ಯ ಇನ್ನೂ ಬಾಗಿಲು ತೆರೆದಿಟ್ಟು ಕೂತಿದ್ದಾನೆ ಎಂದು ಲೆಕ್ಕ. ಇವರು ತುಟಿ ಓದುವುದನ್ನೂ ನಿಲ್ಲಿಸಿದರು. ನಾನು ಏನಾದರೂ ಹೇಳಿದರೆ ನನ್ನ ಮುಖ ನೋಡುತ್ತಾರೆ. ಮುಖ ಸರಿ ಇದೆ ಎಂದು ಕಂಡರೆ "ಹೂಂ" ಎನ್ನುತ್ತಾರೆ. ಅಷ್ಟೇ. ಬರೆದು ತೋರಿಸಬಹುದಲ್ಲ ಎನ್ನುತ್ತೀರಿ. ಬರೆಯುತ್ತೇನೆ: ಊಟ, ಸ್ನಾನ, ಕರೆಂಟ್ ಇಲ್ಲ, ಶರ್ಮಿಳಾ ಬರುತ್ತಾಳೆ. ಇಷ್ಟನ್ನೇ ಬರೆದು ಎಷ್ಟು ವರ್ಷ ಸಂಸಾರ ಮಾಡಬಹುದು ಎಂದು ಯಾರಾದರೂ ಕೇಳಿದರೆ ನಾನು ಉತ್ತರ ಕೊಡಬಲ್ಲೆ. ಮರವಂತೆಯ ರಸ್ತೆಯಲ್ಲಿ ನಾವು ಆಡಿದಂಥ ಮಾತನ್ನು ಚೀಟಿಯಲ್ಲಿ ಬರೆಯಲು ಬರುವುದಿಲ್ಲ. ನಾನು ಕಿರುಚುವಾಗ ಮುಳ್ಳನ್ನು ನಂಬಿದರಲ್ಲ ಎಂಬ ಸಿಟ್ಟನ್ನೂ ನಾನು ಒಂದು ದಿನವೂ ಬರೆದು ತೋರಿಸಲಿಲ್ಲ. ಅದನ್ನು ಒಳಗೆ ಇಟ್ಟುಕೊಂಡೇ ಇಷ್ಟು ವರ್ಷ ಅನ್ನ ಬಡಿಸಿದೆ.

ಮೊನ್ನೆ ನೋಡಿದ ಬ್ರಹ್ಮಾವರದ ಡಾಕ್ಟರು ತುಂಬ ಚಿಕ್ಕ ವಯಸ್ಸಿನವರು, ಸಭ್ಯರು. ನೂಲಿನ ಸೀರೆ ಉಟ್ಟ ಹಳ್ಳಿಯ ಮುದುಕಿ ಎಂದು ನನ್ನ ಹತ್ತಿರ ಕನ್ನಡದಲ್ಲಿ, "ಏನೂ ಹೆದರಬೇಡಿ ಅಮ್ಮ, ಮಾತ್ರೆ ಕೊಡ್ತೇನೆ," ಎಂದರು. ಆಮೇಲೆ ಶರ್ಮಿಳಾಳ ಕಡೆ ತಿರುಗಿ ಇಂಗ್ಲಿಷಿನಲ್ಲಿ, ಎಲ್ಲ ಕಡೆ ಹರಡಿದೆ, ಈ ವಯಸ್ಸಿನಲ್ಲಿ ಏನೂ ಮಾಡುವುದಕ್ಕಿಲ್ಲ, "ಜಸ್ಟ್ ಕೀಪ್ ಹರ್ ಕಂಫರ್ಟೆಬಲ್" ಎಂದರು. ಎಷ್ಟೋ ವರ್ಷ ಮಕ್ಕಳಿಗೆ ಆ ಭಾಷೆಯ ಗ್ರಾಮರ್ ಕಲಿಸಿದವಳು ನಾನು. ವಾಕ್ಯದಲ್ಲಿ ತಪ್ಪಿರಲಿಲ್ಲ. ಶರ್ಮಿಳಾಳಿಗೆ ನನ್ನ ಮುಖ ನೋಡುವ ಧೈರ್ಯ ಬರಲಿಲ್ಲ.

ವಾಪಸು ಬರುವಾಗ ಅವಳು ರಸ್ತೆಯನ್ನೇ ನೋಡುತ್ತ ಕಾರು ಬಿಟ್ಟಳು. ಉಪ್ಪುಂದದಲ್ಲಿ ನಮ್ಮ ಗೇಟಿನ ಎದುರು ಕಾರು ನಿಲ್ಲಿಸಿ, ಸ್ಟೇರಿಂಗ್ ಬಿಡದೆ ಕೇಳಿದಳು: "ದೊಡ್ಡಪ್ಪನತ್ರ ಯಾರ್ ಹೇಳುದ್ ದೊಡ್ಡಮ್ಮ? ನಾ ಬರ್ದ್ ಕೊಡ್ಲಾ?"

"ಬೇಡ. ನಾ ಹೇಳ್ತೆ. ನೀ ಹೋಗ್, ಕತ್ಲಿ ಆತ್ತ್."

ಹಿತ್ತಿಲ ಬಾಗಿಲಿನಿಂದ ಒಳಗೆ ಹೋದೆ. ಮುಖ ತೊಳೆದೆ. ಪೌಡರ್ ಹಚ್ಚಿದೆ, ಕುಂಕುಮ ಸರಿ ಮಾಡಿಕೊಂಡೆ. ಕನ್ನಡಿಯಲ್ಲಿ ನೋಡಿದರೆ ಎಲ್ಲ ಇರಬೇಕಾದಲ್ಲಿಯೇ ಇತ್ತು. ಎಲ್ಲ ಸರಿ ಇದೆ ಎಂದು ಹೇಳುವ ಒಂದನ್ನು ನಂಬಲು ಇವರಿಗೆ ಕಾರು ನಿಂತ ಆ ದಿನ ಎಷ್ಟು ಆಸೆಯಾಗಿರಬೇಕು ಎಂದು ಮೊದಲ ಸಲ ಅನಿಸಿತು. ಸಿಟ್ಟು ಇತ್ತಲ್ಲ, ಅದಕ್ಕಾಗಿ ಒಳಗೆ ಕೈಯಾಡಿಸಿ ಹುಡುಕಿದೆ. ಸಿಗಲಿಲ್ಲ. ಅದು ಹೋದದ್ದರಿಂದ ಹಗುರವೂ ಆಗಲಿಲ್ಲ. ಇಷ್ಟು ದಿನ ಅದಾದರೂ ಜೊತೆಗಿತ್ತು.

ಇವರು ಜಗಲಿಯ ಕುರ್ಚಿಯಲ್ಲಿ ಕೂತಿದ್ದರು. ಎದುರು ಹೋಗಿ ನಿಂತೆ. ತಲೆ ಎತ್ತಿ ನನ್ನ ಮುಖ ನೋಡಿದರು, ಎಂದಿಗಿಂತ ಸ್ವಲ್ಪ ಹೆಚ್ಚು ಹೊತ್ತು. ನಾನು ನಕ್ಕೆ.

"ಹೂಂ," ಎಂದರು. ಆಮೇಲೆ, "ದಾರ್ಯಂಗೆ ಮೀನ್ ಕಂಡ್ಯಾ? ಬಂಗ್ಡೆ ಬಂದಿತ್ತಾ?"

ಬಂದಿದೆ ಎಂದು ತಲೆ ಆಡಿಸಿದೆ. ನಾನು ಮೀನು ಮಾರ್ಕೆಟ್ಟಿನ ಕಡೆ ನೋಡಿಯೇ ಇರಲಿಲ್ಲ. ಎಷ್ಟು ದೊಡ್ಡದು ಎಂದು ಕಣ್ಣಲ್ಲೇ ಕೇಳಿದರು. ಎರಡೂ ಅಂಗೈಗಳನ್ನು ದೂರ ಹಿಡಿದು ತೋರಿಸಿದೆ. ಅಷ್ಟು ದೊಡ್ಡ ಬಂಗುಡೆ ಯಾವ ಸಮುದ್ರದಲ್ಲಿಯೂ ಇಲ್ಲ. ಇವರು ಗಟ್ಟಿಯಾಗಿ ನಕ್ಕುಬಿಟ್ಟರು.

ನಾನು ಕೈಗಳನ್ನು ಇನ್ನೂ ಸ್ವಲ್ಪ ಅಗಲ ಮಾಡಿದೆ.